ಎರಡನೇ ಸ್ಥಾನ ಅಂದರೆ ಸೋಲಾ?

ಮೊನ್ನೆ ನಮ್ಮ ತಮ್ಮನ ಮಗಳು ಶಾಲೆಯ ಓಟದಲ್ಲಿ ಎರಡನೇ ಸ್ಥಾನ ತಗೊಂಡು ಬಂದಳು. ಆವರಗೆರೆಯ ನಮ್ಮ ಮನೆ ಕಟ್ಟೆ ಮೇಲೆ ಕೂತಿದ್ದವರು ಕೇಳಿದ್ದು ಒಂದೇ ಮಾತು: "ಫಸ್ಟ್ ಯಾಕ ಬರಲಿಲ್ಲ?" ಹುಡುಗಿ ಶೂ ಬಿಚ್ಚಿ ಮಂಚದ ಕೆಳಗೆ ತಳ್ಳಿದಳು. "ಸಾಕು ದೊಡ್ಡಪ್ಪ, ಇನ್ಮೇಲೆ ಓಡಲ್ಲ" ಅಂದಳು.

ಕಟ್ಟೆಯವರನ್ನ ಬೈಯೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಓಟಗಾರ್ತಿಯರ ಬಗ್ಗೆ ಬರೆಯುವ ನಾವೂ ಬರೆಯೋದು ಅದೇ ಕಟ್ಟೆ ಮಾತನ್ನೇ ಅಲ್ವಾ?

ಜಪಾನಿನ ಯೂಕೊ ಅರಿಮೊರಿಯನ್ನೇ ನೋಡಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ವ್ಯಾಲೆಂಟಿನಾ ಯೆಗೊರೊವಾಗಿಂತ ಬರೀ 8 ಸೆಕೆಂಡು ಹಿಂದೆ ಬಿದ್ದು ಬೆಳ್ಳಿ ಪಡೆದಳು. 'ಚಿನ್ನ ಕೈತಪ್ಪಿತು' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳೋದು ಸುಲಭ. ಆದರೆ ಕಥೆ ಶುರುವಾಗೋದೇ ಅಲ್ಲಿಂದಾಚೆ. ಹಿಮ್ಮಡಿ ನೋವು, ಎರಡೂ ಕಾಲಿಗೆ ಶಸ್ತ್ರಚಿಕಿತ್ಸೆ, 1995ರಲ್ಲಿ ಹೊಕ್ಕೈಡೊದಲ್ಲಿ ಗೆಲುವು, 1996ರ ಅಟ್ಲಾಂಟಾದಲ್ಲಿ ಕಂಚು. ಲೆಕ್ಕದ ಪ್ರಕಾರ ಬೆಳ್ಳಿಯಿಂದ ಕಂಚಿಗೆ ಇಳಿದಳು. ಅವಳು ಮಾತ್ರ ಮೊದಲ ಸಲ ನನ್ನನ್ನು ನಾನೇ ಹೊಗಳಿಕೊಳ್ಳಬೇಕು ಅನಿಸ್ತಿದೆ ಅಂದಳು. ಆ ವರ್ಷ ಜಪಾನಿನಲ್ಲಿ ಆ ಮಾತು ಎಲ್ಲರ ಬಾಯಲ್ಲೂ ಓಡಾಡಿತು. ಅವಳ ಓಟಕ್ಕೆ ಸಿಕ್ಕ ಒಳ್ಳೆಯ ವಿಮರ್ಶೆ ಅದೇ ಅನ್ನೋದು ನನ್ನ ಅನಿಸಿಕೆ, ಬರೆದವಳು ಓಡಿದವಳೇ.

ತಪ್ಪು ಬರವಣಿಗೆಯಿಂದ ಏನಾಗುತ್ತೆ ಅನ್ನೋದಕ್ಕೂ ಒಂದು ಹಳೇ ಉದಾಹರಣೆ ಇದೆ. ಅರಿಮೊರಿಯ ಊರು ಒಕಾಯಾಮಾ. ಅದೇ ಸೀಮೆಯ ಹಿತೊಮಿ ಕಿನುಎ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದಳು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಜಪಾನಿ ಮಹಿಳೆ. ಫೈನಲ್‌ನಲ್ಲಿ ಓಡಿದವರು ಒಂಬತ್ತು ಮಂದಿ, ಗುರಿ ಮುಟ್ಟಿದವರೂ ಒಂಬತ್ತು ಮಂದಿ. ಕೆಲವು ಪತ್ರಿಕೆಗಳು ಮಾತ್ರ ಹೆಂಗಸರು ಅರ್ಧಕ್ಕೇ ಬಿದ್ದರು, ಇದು ಅವರ ಮೈಗೆ ಆಗಿಬರೋದಲ್ಲ ಅಂತ ಉಪ್ಪುಖಾರ ಹಚ್ಚಿ ಬರೆದವು. 1960ರ ತನಕ ಮಹಿಳೆಯರ 800 ಮೀಟರ್ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಹಿತೊಮಿಯ ನಂತರ ಅಥ್ಲೆಟಿಕ್ಸ್‌ನಲ್ಲಿ ಜಪಾನಿ ಮಹಿಳೆಗೆ ಪದಕ ಬಂದಿದ್ದು 64 ವರ್ಷ ಕಳೆದ ಮೇಲೆ, ಅರಿಮೊರಿಯಿಂದ.

ನಮ್ಮಲ್ಲೂ ಅಷ್ಟೇ. ಪಕ್ಕದ ಕೇರಳದ ಒ.ಪಿ. ಜೈಶಾ 2016ರ ರಿಯೊ ಮ್ಯಾರಥಾನ್ ಮುಗಿಸಿ ಕುಸಿದು ಬಿದ್ದಾಗ ನಾವೆಲ್ಲ ಮಾತಾಡಿದ್ದು ನೀರಿನ ಬಗ್ಗೆ. ದಾರಿಯಲ್ಲಿ ನಮ್ಮವರು ನೀರು ಕೊಡಲಿಲ್ಲ ಅಂತ ಅವರು ಹೇಳಿದರು, ಫೆಡರೇಷನ್ ಅಲ್ಲಗಳೆಯಿತು. ಕೇಳಲೇಬೇಕಾದ ಪ್ರಶ್ನೆ ಅದು, ಇಲ್ಲ ಅನ್ನಲ್ಲ. ಆದರೆ ಹಿಂದಿನ ವರ್ಷ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿ ಅವರು ರಾಷ್ಟ್ರೀಯ ದಾಖಲೆ ಮಾಡಿದ್ದರು. ಅದನ್ನ ನೆನಪಿಸಿಕೊಂಡವರು ಎಷ್ಟು ಜನ? ಬಿದ್ದ ಫೋಟೊ ಉಳೀತು, ಓಡಿದ ವರ್ಷಗಳು ಹೋದವು.

ಒಂದು ಕಾದಂಬರಿಯ ಕೊನೇ ಪುಟ ಮಾತ್ರ ಓದಿ ಯಾರಾದರೂ ವಿಮರ್ಶೆ ಬರೆದರೆ ನಾವು ಸುಮ್ಮನಿರ್ತೀವಾ? ಓಟಗಾರ್ತಿಯ ಬದುಕನ್ನ ಮಾತ್ರ ದಿನಾ ಹಾಗೇ ಓದ್ತೀವಿ. ನಾನೂ ಹಾಗೇ ಓದಿದವನು, ಬೇರೆಯವರ ಮೇಲೆ ಹಾಕಲ್ಲ.

ಸಂಜೆ ಹುಡುಗಿಯನ್ನ ಕೂರಿಸಿಕೊಂಡು ಅರಿಮೊರಿಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಆಪರೇಷನ್ ಆದ್ಮೇಲೆ ಮತ್ತೆ ಎಷ್ಟು ದಿನಕ್ಕೆ ಓಡಿದ್ಲು ದೊಡ್ಡಪ್ಪ?" ಅಂತ ಕೇಳಿದಳು. ಅವಳಿಗೆ ಪದಕಕ್ಕಿಂತ ಅದು ಮುಖ್ಯ ಅನಿಸಿತ್ತು. ಶೂ ಇನ್ನೂ ಮಂಚದ ಕೆಳಗೇ ಇದೆ. ತೆಗೀತಾಳೋ ಬಿಡ್ತಾಳೋ, ಅವಳಿಗೆ ಬಿಟ್ಟದ್ದು. ಕಟ್ಟೆ ಮೇಲೆ ಕೂತವರಿಗೆ ಮಾತ್ರ ನಾಳೆ ಒಂದು ಮಾತು ಹೇಳೋದಿದೆ.