ಮೆರುಗಿಗೆ ಕೊಟ್ಟ ಅಂಕ

ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಗ, ನೆರೆಮನೆಯ ಹಿರಿಯರ ಮೇಜಿನ ಮೇಲೆ ಎಸ್. ಪಿ. ಫ್ಯೆಸ್ಟಾಡ್ ಅವರ ದಪ್ಪ ಪುಸ್ತಕ ‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಕಂಡೆ. ಬಂದೂಕು, ಪಿಸ್ತೂಲುಗಳ ಬೆಲೆಪಟ್ಟಿ ಅದು. ಗುರಿ ಅಭ್ಯಾಸಕ್ಕೆಂದು ಅವರು ಹಳೆಯ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕೊಳ್ಳುವವರಿದ್ದರು. 1957ರಲ್ಲಿ ‘ಮಾಡೆಲ್ 14’ ಎಂಬ ಹೆಸರು ಪಡೆದ, ಆರು ಗುಂಡಿನದು.

ಪುಸ್ತಕದ ಶಿಸ್ತು ಮೆಚ್ಚತಕ್ಕದ್ದೇ. ಕಾರ್ಖಾನೆಯ ಮೂಲ ಮೆರುಗು ಶೇಕಡಾ 98, 95, 90 ಎಂದು ಎಷ್ಟು ಉಳಿದಿದೆಯೋ ಅದರಂತೆ ಬೆಲೆ. ಚೌಕಾಸಿಯ ಜಗಳಕ್ಕೆ ಎಡೆ ಕಡಿಮೆ. ಆದರೆ ಗುರಿ ಮುಟ್ಟಿಸುವುದು ಮೆರುಗಲ್ಲವಲ್ಲ!

ಅಂಗಡಿಗೆ ನಾನೂ ಹೋಗಿದ್ದೆ. ಹಿರಿಯರು ಮೊದಲು ಒಳಗೆ ಗುಂಡಿಲ್ಲವೆಂದು ಖಾತರಿ ಮಾಡಿಕೊಂಡರು. ಅಂಗಡಿಯವನನ್ನು ಕೇಳಿ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದು, ಆರು ಮನೆಗಳೂ ಒಂದೊಂದಾಗಿ ನಳಿಗೆಯ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲುವುದನ್ನು ನೋಡಿದರು. ಸಿಲಿಂಡರನ್ನು ಹಿಂದೆಮುಂದೆ ಅಲುಗಿಸಿದರು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯನ್ನು ಮೆಕ್ಯಾನಿಕ್‌ಗಳ ಫೀಲರ್ ಗೇಜಿನಿಂದ ಅಳೆದರು. ಅಂಗುಲದ ಸಾವಿರದಲ್ಲಿ ಆರು ಪಾಲಿನಷ್ಟಿದ್ದರೆ ಚಿಂತೆಯಿಲ್ಲ. ತೀರಾ ಅಗಲವಾದರೆ ಪಕ್ಕಕ್ಕೆ ಸೀಸದ ಚೂರು ಸಿಡಿದೀತು. ಕೊನೆಗೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರು.

ಇವಕ್ಕೆಲ್ಲ ಆ ಶೇಕಡಾ ಪಟ್ಟಿಯಲ್ಲಿ ಬೇರೆ ಕಲಮಿಲ್ಲ. ಚರ್ಮದ ಚೀಲಕ್ಕೆ ಉಜ್ಜಿ ಬಣ್ಣ ಹೋದದ್ದಕ್ಕೆ ಬೆಲೆ ಇಳಿಯುತ್ತದೆ. ಪೆಟ್ಟಿಗೆಯಲ್ಲೇ ಮಲಗಿ ಮಿರುಗುವುದಕ್ಕೆ ಏರುತ್ತದೆ. ಸಂಗ್ರಹಿಸುವವರಿಗೆ ಇದು ಸರಿ, ಬಳಸುವವರಿಗೆ ಅರ್ಧ ಸತ್ಯ.

ನನ್ನನ್ನು ಮೊದಲು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿಯ ಬಣ್ಣ ಕಡಿಮೆಯೆಂದು ಹೇಳಿಕಳಿಸಿದ್ದರು. ಬಿ.ಎ., ಬಿ.ಎಡ್.ಗೆ ಅವರ ಪಟ್ಟಿಯಲ್ಲೂ ಕಲಮಿರಲಿಲ್ಲ.

ಹಿರಿಯರು ಬಣ್ಣ ಮಾಸಿದ್ದನ್ನೇ ಆರಿಸಿದರು. ಪುಸ್ತಕದ ದೆಸೆಯಿಂದ ಅವರಿಗದು ಅಗ್ಗಕ್ಕೆ ಸಿಕ್ಕಿತು.