ಸಣ್ಣ ಚಾರಣದ ರುಚಿ

ಚಾರಣ ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಕಿಲೋಮೀಟರ್? ತುದಿ ಮುಟ್ಟಲು ಎಷ್ಟು ಹೊತ್ತು? ಕುಮಾರಪರ್ವತ ಹತ್ತುವವರು ಇದನ್ನು ಕೇಳಲೇಬೇಕು, ಇಲ್ಲದಿದ್ದರೆ ನಡುದಾರಿಯಲ್ಲಿ ಕತ್ತಲಾದೀತು. ಆದರೆ ಅರ್ಧ ಗಂಟೆಗೋ ಒಂದು ಗಂಟೆಗೋ ಮುಗಿಯುವ ನಡಿಗೆಗೆ ಈ ಲೆಕ್ಕ ಹಾಕಿ ಏನೂ ಗಿಟ್ಟುವುದಿಲ್ಲ. ಅಂಥ ದಾರಿಯಲ್ಲಿ ಏದುಸಿರು ಬರುವುದಿಲ್ಲ, ಮಂಡಿ ನಡುಗುವುದಿಲ್ಲ. ನಿಲ್ಲುವುದಕ್ಕೆ, ನೋಡುವುದಕ್ಕೆ, ಬಂಡೆಯನ್ನೊಮ್ಮೆ ಅಂಗೈಯಲ್ಲಿ ಸವರುವುದಕ್ಕೆ ಮೈಯಲ್ಲಿ ತ್ರಾಣ ಉಳಿದಿರುತ್ತದೆ. ಸಣ್ಣ ಚಾರಣದ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಅದನ್ನು ದೊಡ್ಡ ಚಾರಣದ ತಾಲೀಮು ಎಂದುಕೊಂಡವರು ಎರಡರ ರುಚಿಯನ್ನೂ ಕೆಡಿಸಿಕೊಳ್ಳುತ್ತಾರೆ.

ಈ ರುಚಿ ಹತ್ತಿಸಿಕೊಳ್ಳಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ಬಸ್ಸಿನಲ್ಲಿ ನಾಲ್ಕೈದು ತಾಸು ಕೂತು ಇಳಿದರೆ ಕಾಲಡಿಯ ಕಲ್ಲೇ ಬೇರೆ. ಹಂಪಿಯಲ್ಲಿ ಗ್ರಾನೈಟ್, ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಗೋಕರ್ಣದಲ್ಲಿ ಜಂಬಿಟ್ಟಿಗೆ. ಕಲ್ಲು ಬೇರೆಯಾದರೆ ಅದರ ಮೇಲಿನ ಗಿಡ, ಅದರಲ್ಲಿ ನಿಲ್ಲುವ ನೀರು, ಅದರಲ್ಲಿ ಕಟ್ಟಿದ ಗುಡಿ, ಕೊನೆಗೆ ನಾವು ಹೆಜ್ಜೆ ಇಡುವ ರೀತಿಯೂ ಬೇರೆಯಾಗುತ್ತದೆ. ಹಾಗಾಗಿ ಹೊಸಬರಿಗೆ ಮೊದಲ ಮಾತು: ತಲೆ ಎತ್ತಿ ದೂರದ ನೋಟ ನೋಡುವ ಮೊದಲು ತಲೆ ತಗ್ಗಿಸಿ ನೆಲ ನೋಡಿ.

ಹಂಪಿಯಿಂದ ಶುರುಮಾಡಬಹುದು. ವಿರೂಪಾಕ್ಷ ಗುಡಿಯ ದಕ್ಷಿಣಕ್ಕಿರುವ ಹೇಮಕೂಟವನ್ನು ಬೆಟ್ಟ ಎನ್ನುವುದೇ ಸ್ವಲ್ಪ ಹೆಚ್ಚಾಯಿತು, ಅದೊಂದು ಇಳಿಜಾರು ಬಂಡೆ. ಅಜ್ಜಿಯರೂ ಮೊಮ್ಮಕ್ಕಳೂ ಆರಾಮವಾಗಿ ಹತ್ತುತ್ತಾರೆ. ಅಲ್ಲಿ ಕೂತು ಸುತ್ತಲಿನ ಗುಂಡುಗಳನ್ನು ನೋಡಿದರೆ ಯಾರಿಗೂ ಬರುವ ಸಂಶಯ, ಇಷ್ಟು ದುಂಡಗಿನ ಬಂಡೆಗಳನ್ನು ಯಾರು ತಂದು ಒಂದರ ಮೇಲೊಂದು ಪೇರಿಸಿದರು ಎಂಬುದು. ಯಾರೂ ತರಲಿಲ್ಲ, ನದಿಯೂ ಉರುಳಿಸಿಕೊಂಡು ಬರಲಿಲ್ಲ. ನೆಲದಾಳದಲ್ಲಿ ತಣ್ಣಗಾದ ಗ್ರಾನೈಟ್ ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟಿತು. ಬಿರುಕಿಗಿಳಿದ ನೀರು ಕಲ್ಲನ್ನು ಕೊರೆಯುತ್ತ ಹೋಯಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಮೊದಲು ಸವೆದವು, ಚೌಕವಾಗಿದ್ದುದು ದುಂಡಾಯಿತು. ಸುತ್ತ ಪುಡಿಯಾದದ್ದು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಇದ್ದಲ್ಲೇ ಬಯಲಾದವು. ಎರಡು ಗುಂಡುಗಳ ನಡುವೆ ಇಂದು ಕಾಣುವ ಸಂದು ಅಂದಿನ ಬಿರುಕು. ಇಷ್ಟು ತಿಳಿದರೆ ಸಾಕು, ಗುಡ್ಡ ಪೂರಾ ಓದಲು ಬರುತ್ತದೆ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ದಕ್ಷಿಣದಲ್ಲಿ ಕಬ್ಬಾಳದುರ್ಗ, ರಾಮನಗರದ ಕಡೆಯಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೆ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ಬೆಂಗಳೂರಿನವರಿಗೆ ಹಂಪಿ ದೂರವಾದರೆ ರಾಮದೇವರ ಬೆಟ್ಟದ ಮೆಟ್ಟಿಲು ಹತ್ತಿ ಇದೇ ಪಾಠ ಕಲಿಯಬಹುದು. ‘ಶೋಲೆ’ ಚಿತ್ರೀಕರಣವಾದ ಬಂಡೆಗಳ ನಾಡು ಎಂದು ಹೋಗುವವರೇ ಹೆಚ್ಚು. ಆ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದ್ದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿ ಗಬ್ಬರ್ ಸಿಂಗನ ಸಂಭಾಷಣೆ ಕೂಗುವುದು ಬಿಟ್ಟು ಬಂಡೆಯ ನೆತ್ತಿಯ ಕಡೆ ಕಣ್ಣಿಡುವುದು ಒಳ್ಳೆಯದು.

ಮತ್ತೆ ಹಂಪಿಗೆ. ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಲ್ಲಿ ಏಕಶಿಲೆಯ ಬಸವಣ್ಣನಿದ್ದಾನೆ. ಅಲ್ಲಿಂದ ಮೆಟ್ಟಿಲು ಹತ್ತಿ ದಿಣ್ಣೆ ದಾಟಿದರೆ ಅಚ್ಯುತರಾಯ ಗುಡಿ ಒಮ್ಮೆಲೇ ಕೆಳಗೆ ಕಾಣಿಸುತ್ತದೆ. ನನ್ನ ಮಟ್ಟಿಗೆ ಹಂಪಿಯ ಅತ್ಯುತ್ತಮ ಕ್ಷಣ ಇದು. ಮಾತಂಗ ಬೆಟ್ಟದ ತುದಿಯ ಸೂರ್ಯೋದಯಕ್ಕಿಂತಲೂ ಇದು ಮೇಲು ಎಂದರೆ ಕೆಲವರು ಜಗಳಕ್ಕೆ ಬರಬಹುದು, ಬರಲಿ. ಗುಡಿಯ ಮುಂದಿನ ಹಾಳು ಬಜಾರಿನಲ್ಲಿ ಉತ್ತರಕ್ಕೆ ನಡೆದರೆ ತುಂಗಭದ್ರೆಯ ದಂಡೆ, ದಂಡೆಗುಂಟ ಬಲಕ್ಕೆ ಹೋದರೆ ವಿಠ್ಠಲ ಗುಡಿ. ಈ ದಾರಿಯಲ್ಲಿ ಏರು ತಗ್ಗು ಕಡಿಮೆ, ನೋಡುವುದು ಹೆಚ್ಚು. ಕೆಲವು ಬಂಡೆಗಳ ಮೇಲೆ ಅಂಚೆಚೀಟಿಯ ಅಂಚಿನಂತೆ ಸಾಲಾಗಿ ಸಣ್ಣ ಗುಳಿಗಳಿರುತ್ತವೆ. ಅವು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಕೆಲವು ಕಡೆ ಗುಳಿ ತೋಡಿದ್ದಾರೆ, ಕಲ್ಲು ಸೀಳಿಲ್ಲ, ಕೆಲಸ ಅರ್ಧಕ್ಕೇ ನಿಂತಿದೆ. ನದಿಯಲ್ಲಿ ಇಂದಿಗೂ ಹರಿಗೋಲು ಕಾಣುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇಲ್ಲಿನ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ.

ಒಂದು ಎಚ್ಚರಿಕೆ. ಗ್ರಾನೈಟ್ ಬೇಗ ಕಾಯುತ್ತದೆ, ನಿಧಾನ ಆರುತ್ತದೆ. ಮಾರ್ಚ್ ಕಳೆದ ಮೇಲೆ ಹತ್ತು ಗಂಟೆಗೆಲ್ಲ ಬಂಡೆ ಬಿಟ್ಟು ನೆರಳಿಗೆ ಸೇರಬೇಕು. ಈ ಸೀಮೆಯಲ್ಲಿ ಕರಡಿ, ಚಿರತೆಗಳಿವೆ, ದರೋಜಿಯ ಕರಡಿಧಾಮ ಹತ್ತಿರದಲ್ಲೇ ಇದೆ. ಸೂರ್ಯೋದಯದ ಆಸೆಗೆ ಕತ್ತಲಲ್ಲಿ ಒಬ್ಬರೇ ಗುಡ್ಡ ಹತ್ತುವುದು ರಸಿಕತೆಯಲ್ಲ.

ಬಾದಾಮಿಗೆ ಬಂದರೆ ಕಣ್ಣಿಗೆ ಬೇರೆ ಅಭ್ಯಾಸ ಬೇಕು. ಇಲ್ಲಿ ದುಂಡಗಿನದು ಕಡಿಮೆ, ಎಲ್ಲ ನೆಟ್ಟಗೆ ಸೀಳಿದ ಗೋಡೆ. ಮೇಣಬಸದಿ ಎಂದು ಊರವರು ಕರೆಯುವ ಗುಹೆಗಳನ್ನು ನೋಡಿ ಹೆಚ್ಚಿನವರು ವಾಪಸಾಗುತ್ತಾರೆ. ನೀವು ಅಗಸ್ತ್ಯ ತೀರ್ಥದ ಆಚೆ ದಡಕ್ಕೆ ಹೋಗಿ. ಮ್ಯೂಸಿಯಂ ಪಕ್ಕದಿಂದ ಉತ್ತರದ ಕೋಟೆಗೆ ದಾರಿ ಏರುತ್ತದೆ. ಸ್ವಲ್ಪ ದೂರದಲ್ಲೇ ಎರಡು ಕೆಂಪು ಗೋಡೆಗಳ ನಡುವಿನ ಇಕ್ಕಟ್ಟಿಗೆ ಹೊಕ್ಕಾಗ ಬಿಸಿಲೂ ಊರಿನ ಗದ್ದಲವೂ ಒಟ್ಟಿಗೆ ಮಾಯ. ಅಲ್ಲಿ ನಿಂತು ಗೋಡೆ ನೋಡಿ. ಪದರದ ಮೇಲೆ ಪದರ, ಕೆಲವು ಪದರಗಳಲ್ಲಿ ಓರೆ ಗೆರೆ. ಹರಿಯುವ ನೀರು ಮರಳನ್ನು ತಂದು ಸುರಿದ ದಿಕ್ಕು ಆ ಓರೆ ಗೆರೆಗಳಲ್ಲಿ ಉಳಿದಿದೆ. ಗುಡ್ಡದ ಮೇಲಿನ ಹಾಸುಬಂಡೆಗಳಲ್ಲಿ ಅಲ್ಲಲ್ಲಿ ಹೊಳೆದಂಡೆಯ ಮರಳಿನಲ್ಲಿ ಕಾಣುವಂಥ ಅಲೆಗೆರೆಗಳೂ ಸಿಗುತ್ತವೆ. ಬೆಳಗಿನ ಓರೆ ಬಿಸಿಲಿದ್ದರೆ ಚೆನ್ನಾಗಿ ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಹುಡುಕಿದರೂ ಕಾಣವು.

ಕಲ್ಲಿಗೂ ಶಿಲ್ಪಕ್ಕೂ ಇರುವ ನಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಮರಳುಗಲ್ಲು ಉಳಿಗೆ ಬಗ್ಗುತ್ತದೆ, ಬಂಡೆಯ ಗೋಡೆಯನ್ನೇ ಕೊರೆದು ಒಳಗೆ ಹೋಗಬಹುದು. ಚಾಲುಕ್ಯರು ಅದನ್ನೇ ಮಾಡಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ವಿಜಯನಗರದವರ ಕೈಗೆ ಸಿಕ್ಕಿದ್ದು ಗಟ್ಟಿ ಗ್ರಾನೈಟ್. ಅವರು ಅದನ್ನು ಸೀಳಿ, ಎತ್ತಿ, ಕಂಬ ನಿಲ್ಲಿಸಿದರು, ಗೋಪುರದ ಮೇಲ್ಭಾಗವನ್ನು ಇಟ್ಟಿಗೆ ಗಾರೆಯಲ್ಲಿ ಮುಗಿಸಿದರು. ಎರಡೂ ಊರುಗಳ ಗುಡ್ಡ ಹತ್ತಿ ಇಳಿದವರಿಗೆ ಇದನ್ನು ಯಾವ ಮಾರ್ಗದರ್ಶಿಯೂ ಬಿಡಿಸಿ ಹೇಳಬೇಕಿಲ್ಲ. ಬಾದಾಮಿಯ ಅಗಸ್ತ್ಯ ತೀರ್ಥದ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ತ್ರಿಪದಿಯ ಬಹು ಹಳೆಯ ಮಾದರಿ ಅದರಲ್ಲಿದೆ. ಪಠ್ಯಪುಸ್ತಕದಲ್ಲಿ ಓದಿದ್ದನ್ನು ಬಂಡೆಯ ಮೇಲೆ ನೋಡುವ ಸುಖಕ್ಕಾಗಿಯಾದರೂ ಅಷ್ಟು ದೂರ ನಡೆಯಬೇಕು. ಹಸಿವಾದರೆ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಮುಂದೆ ಪೇಟೆಯಿಂದ ಹೊತ್ತು ತಂದ ಪೊಟ್ಟಣದ ತಿಂಡಿ ಯಾವ ಲೆಕ್ಕ?

ಅತಿ ಕಡಿಮೆ ನಡಿಗೆಗೆ ಅತಿ ಹೆಚ್ಚು ಕೊಡುವ ಗುಡ್ಡ ಯಾವುದೆಂದು ಕೇಳಿದರೆ ನಾನು ಐಹೊಳೆಯ ಮೇಗುತಿ ಎನ್ನುತ್ತೇನೆ. ಕೆಲವೇ ನಿಮಿಷಗಳ ಮೆಟ್ಟಿಲು. ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಮಂದಿರ, ಮೇಲೆ ಜೈನ ಬಸದಿ. ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ಈ ಶಾಸನದಲ್ಲಿ ಕವಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸರಿಸಮ ಎಂದುಕೊಂಡಿದ್ದಾನೆ, ಆ ಇಬ್ಬರ ಕಾಲ ನಿರ್ಣಯಕ್ಕೆ ವಿದ್ವಾಂಸರಿಗೆ ಅದೇ ಆಧಾರವಾಯಿತು. ಹೆಚ್ಚಿನವರು ಅಲ್ಲಿಂದ ತಿರುಗುತ್ತಾರೆ. ಬಸದಿಯ ಹಿಂದಕ್ಕೆ ನಡೆಯಿರಿ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಬೃಹತ್ ಶಿಲಾಯುಗದ ಸಮಾಧಿಗಳು ಅಲ್ಲಿವೆ. ಕಲ್ಲಿನ ಮೇಲೆ ಕಲ್ಲಿಡುವ ಕೆಲಸ ಈ ಗುಡ್ಡದ ಮೇಲೆ ಚಾಲುಕ್ಯರಿಗಿಂತ ಎಷ್ಟೋ ಮೊದಲೇ ಶುರುವಾಗಿತ್ತು.

ಕರಾವಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಸಮುದ್ರ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಗೋಕರ್ಣದ ಕುಡ್ಲೆ ಕಡಲತೀರದಿಂದ ಗುಡ್ಡ ಹತ್ತಿಳಿದು ಓಂ ಬೀಚಿಗೆ ಹೋಗುವ ಕಾಲುದಾರಿ ಎಲ್ಲರಿಗೂ ಗೊತ್ತು. ಎಲ್ಲರೂ ನೀರನ್ನೇ ನೋಡುತ್ತ ನಡೆಯುವುದರಿಂದ ಕಾಲಡಿಯ ತೂತು ತೂತಾದ ಕೆಂಪು ಜಂಬಿಟ್ಟಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿನಲ್ಲೇ ಕರಾವಳಿಯ ಮನೆಗಳು, ಬಾವಿಗಳು ಎದ್ದದ್ದು. ಓಂ ಬೀಚಿನ ಆಚೆಯ ಅರ್ಧಚಂದ್ರ ತೀರದಿಂದ ಮುಂದಕ್ಕೆ ಬಂಡೆಗಳ ಅಂಚಿನ ದಾರಿ ಜಾರುತ್ತದೆ. ಉಬ್ಬರದ ಹೊತ್ತು ಯಾವುದೆಂದು ಮೀನುಗಾರರನ್ನು ಕೇಳಿಕೊಂಡೇ ಹೋಗಬೇಕು, ಮಳೆಗಾಲದಲ್ಲಿ ಹೋಗಲೇಬಾರದು. ಕುಮಟಾ ಕಡೆಯ ಯಾಣವೂ ಸುಲಭದ ನಡಿಗೆ. ಕಾಡಿನ ನಡುವೆ 120 ಮೀಟರ್ ಎತ್ತರಕ್ಕೆ ಎದ್ದ ಕರಿಯ ಭೈರವೇಶ್ವರ ಶಿಖರ ಸುಣ್ಣದ ಕಲ್ಲು. ಅದರ ಸಂದುಗಳಲ್ಲಿ ನುಸುಳಿ ಸುತ್ತು ಹಾಕಿ ಬರುವಾಗ ಜೇನುಹುಟ್ಟುಗಳ ಕೆಳಗೆ ಬಾಯಿ ಮುಚ್ಚಿಕೊಂಡಿರಿ.

ಮಲೆನಾಡಿನಲ್ಲಿ ಕವಲೇದುರ್ಗ. ತೀರ್ಥಹಳ್ಳಿ ತಾಲ್ಲೂಕಿನ ಈ ಕೋಟೆಗೆ ಗದ್ದೆ ಬದುವಿನ ಮೇಲಿಂದ ದಾರಿ ಶುರುವಾಗುತ್ತದೆ. ಒಂದು ಬಾಗಿಲು ದಾಟಿದ ಮೇಲೆ ಇನ್ನೊಂದು, ಪ್ರತಿ ಬಾಗಿಲಿಗೂ ದಾರಿ ತಿರುಗುತ್ತದೆ. ಒಳನುಗ್ಗುವ ಶತ್ರುವಿಗೆ ಮುಂದಿನದು ಕಾಣದಿರಲಿ ಎಂಬ ಈ ಉಪಾಯವೇ ಇಂದು ನಡೆಯುವವರಿಗೆ ಸೊಗಸು. ಮೇಲೆ ಅರಮನೆಯ ಪಾಯ, ಅಡುಗೆಮನೆಯ ಕಲ್ಲಿನ ಒಲೆ, ಬಚ್ಚಲ ಕಲ್ಲು, ನೀರು ಹಾಯಿಸುತ್ತಿದ್ದ ವ್ಯವಸ್ಥೆಯ ಕುರುಹು ಉಳಿದಿವೆ. ರಾಜರ ಸಿಂಹಾಸನಕ್ಕಿಂತ ಆ ಒಲೆ ಹೆಚ್ಚು ಮಾತಾಡುತ್ತದೆ. ಈ ಕೋಟೆಯನ್ನಾಳಿದ ಕೆಳದಿಯ ಅರಸರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು, ಅಲ್ಲಿಗೆ ಆ ರಾಜ್ಯವೂ ಮುಗಿಯಿತು.

ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಹತ್ತುತ್ತದೆ. ಉಪ್ಪಿನ ಗಂಟೊಂದು ಜೇಬಿನಲ್ಲಿದ್ದರೆ ಸಾಕು, ಕಿರುಚಾಡುವ ಅಗತ್ಯವಿಲ್ಲ. ನಿಜಕ್ಕೂ ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಿಗೆ ಹೋಗುವ ಮುನ್ನ ಊರಿನವರನ್ನು, ಆರೋಗ್ಯ ಕೇಂದ್ರದವರನ್ನು ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಕಾಲಿಡಬೇಡಿ.

ಮುಳ್ಳಯ್ಯನಗಿರಿಯನ್ನು ಬಿಟ್ಟರೆ ಚಿಕ್ಕಮಗಳೂರಿನವರು ಬಿಡುವುದಿಲ್ಲ. ಸುಮಾರು 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ವಾಹನ ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಅದೂ ಸಣ್ಣ ಚಾರಣವೇ. ಅಲ್ಲಿ ಗಮನಿಸಬೇಕಾದದ್ದು ಹುಲ್ಲು ಮತ್ತು ಮರಗಳ ಗಡಿ. ಬೆನ್ನಿನ ಮೇಲೆಲ್ಲ ಹುಲ್ಲು, ನೀರು ಇಳಿಯುವ, ಗಾಳಿ ತಾಗದ ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಯಾರೋ ಮರ ಕಡಿದು ಬೋಳು ಮಾಡಿದ್ದಾರೆಂದು ಮರುಗಿ ಸಸಿ ನೆಡಲು ಹೊರಡಬೇಡಿ, ಹುಲ್ಲುಗಾವಲೂ ಅಲ್ಲಿನ ಮೂಲ ಸಂಪತ್ತೇ. ರಜೆಯ ದಿನ ವಾಹನಗಳ ಸಾಲು ನೋಡಿದರೆ ಶಿಖರದ ಆಸೆಯೇ ಬತ್ತುತ್ತದೆ, ವಾರದ ನಡುವೆ ಹೋಗಿ.

ಸಲಕರಣೆಯ ಪಟ್ಟಿ ಕೇಳುವವರಿಗೆ ನಿರಾಸೆಯಾದೀತು. ಹಿಡಿತವಿರುವ ರಬ್ಬರ್ ಅಡಿಯ ಬೂಟು, ನೀರು, ಟೋಪಿ, ಕಸ ವಾಪಸು ತರಲು ಒಂದು ಚೀಲ. ಅರಣ್ಯದೊಳಗಿನ ಹಲವು ದಾರಿಗಳಿಗೆ ಅರಣ್ಯ ಇಲಾಖೆಯಲ್ಲಿ ಮೊದಲೇ ನೋಂದಾಯಿಸಬೇಕು, ಹೊರಡುವ ಮುಂಚೆ ನೋಡಿಕೊಳ್ಳಿ. ಬ್ಲೂಟೂತ್ ಸ್ಪೀಕರ್ ದಯವಿಟ್ಟು ಮನೆಯಲ್ಲಿರಲಿ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಮಂಗಗಳ ಮುಂದೆ ನಡೆಯಬೇಡಿ.

ಮೊದಲು ಎಲ್ಲಿಗೆ ಹೋಗಲಿ ಎನ್ನುವವರಿಗೆ ಶ್ರವಣಬೆಳಗೊಳವನ್ನು ಹೇಳುತ್ತೇನೆ. ಬಂದವರೆಲ್ಲ ನೇರ ದೊಡ್ಡಬೆಟ್ಟಕ್ಕೆ ಹೋಗುತ್ತಾರೆ, ಗೊಮ್ಮಟನಿರುವಾಗ ಅದು ಸಹಜ. ಎದುರಿಗಿರುವ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಬಹುತೇಕ ಖಾಲಿ ಇರುತ್ತದೆ. ಅದು ಗೊಮ್ಮಟನಿಗಿಂತ ಹಳೆಯ ಕ್ಷೇತ್ರ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಶಾಸನಗಳು ಅಲ್ಲಿ ಹಾಸುಬಂಡೆಯ ಮೇಲೆಯೇ ಇವೆ, ಅತಿ ಹಳೆಯವು ಕ್ರಿ.ಶ. 600ರ ಸುಮಾರಿನವು. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕಾದ್ದರಿಂದ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ, ಕಲ್ಲಿನ ಬಿಸಿ, ತಂಪು, ಒರಟು, ನುಣುಪು ಅಂಗಾಲಿಗೇ ತಿಳಿಯುತ್ತದೆ. ಬಂಡೆ ಕಾಯುವ ಮೊದಲು, ಬೆಳಗ್ಗೆ ಬೇಗ ಚಿಕ್ಕಬೆಟ್ಟ ಹತ್ತಿ. ದೊಡ್ಡಬೆಟ್ಟ ಸಂಜೆಗಿರಲಿ.