ಮತಿಲಕಂ ಓಲೆಗಳ ಮೌನ: ಆಕರ ವಿಮರ್ಶೆಯ ಒಂದು ಟಿಪ್ಪಣಿ

ತಿರುವನಂತಪುರದ ಚಾಲೈ ಪೇಟೆಯಿಂದ ಪಶ್ಚಿಮಕ್ಕೆ ನಡೆದು ಕೋಟೆಯ ಮೂಡಣ ಬಾಗಿಲನ್ನು ದಾಟಿದರೆ ಶ್ರೀಪದ್ಮನಾಭಸ್ವಾಮಿ ದೇವಾಲಯದ ಪ್ರಾಕಾರ ಸಮೀಪಿಸುತ್ತದೆ. ಆ ದೇವಾಲಯದ ಆಡಳಿತವು ಶತಮಾನಗಳ ಕಾಲ ಬರೆಯಿಸಿದ ತಾಳೆಯೋಲೆಗಳಿಗೆ ‘ಮತಿಲಕಂ’ ದಾಖಲೆಗಳೆಂದು ಹೆಸರು. ಮತಿಲ್ ಎಂದರೆ ಗೋಡೆ, ಅಕಂ ಎಂದರೆ ಒಳಗು. ‘ಚುರುಣ’ಗಳೆಂಬ ಸುರುಳಿಕಟ್ಟುಗಳಲ್ಲಿರುವ ಈ ಓಲೆಗಳು ಇಂದು ಕೇರಳ ರಾಜ್ಯ ಪತ್ರಾಗಾರದ ವಶದಲ್ಲಿವೆ. ಕೋಟೆಯ ಪ್ರದೇಶದಲ್ಲಿಯೇ 2022ರಲ್ಲಿ ತಾಳೆಯೋಲೆಗಳ ವಸ್ತುಸಂಗ್ರಹಾಲಯವೊಂದು ಆರಂಭವಾಯಿತು. ನಮ್ಮ ಚರ್ಚೆಯಾದರೋ ಓಲೆಗಳ ರಕ್ಷಣೆಯನ್ನು ಕುರಿತದ್ದಲ್ಲ, ಅವುಗಳಿಂದ ತೆಗೆಯಲಾದ ತೀರ್ಮಾನವೊಂದನ್ನು ಕುರಿತದ್ದು.

ಪಿ. ಶಂಕುಣ್ಣಿ ಮೇನೋನ್ ಅವರು 1878ರಲ್ಲಿ ಪ್ರಕಟಿಸಿದ ತಿರುವಾಂಕೂರಿನ ಚರಿತ್ರೆಯಲ್ಲಿ ಎಟ್ಟುವೀಟ್ಟಿಲ್ ಪಿಳ್ಳಮಾರರ ವೃತ್ತಾಂತವಿದೆ. ಅವರ ಸಂಚಿನಿಂದ ಅರಸ ಆದಿತ್ಯವರ್ಮನು ವಿಷಪ್ರಾಶನಕ್ಕೆ ಬಲಿಯಾದನೆಂದೂ ಉಮಯಮ್ಮ ರಾಣಿಯ ಐವರು ಮಕ್ಕಳು ಕೊಳದಲ್ಲಿ ಮುಳುಗಿಸಲ್ಪಟ್ಟರೆಂದೂ ಕಥನ. ಸಿ. ವಿ. ರಾಮನ್ ಪಿಳ್ಳೆಯವರ ‘ಮಾರ್ತಾಂಡವರ್ಮ’ (1891) ಕಾದಂಬರಿಯು ಪಿಳ್ಳಮಾರರನ್ನು ಖಳರನ್ನಾಗಿ ಜನಮನದಲ್ಲಿ ನೆಲೆಗೊಳಿಸಿತು. ಟಿ. ಕೆ. ವೇಲು ಪಿಳ್ಳೆಯವರು 1940ರ ತಮ್ಮ ರಾಜ್ಯ ಕೈಪಿಡಿಯಲ್ಲಿ ಮತಿಲಕಂ ದಾಖಲೆಗಳನ್ನು ವಿಪುಲವಾಗಿ ಬಳಸಿದರು. ಇಂಥ ದಾಖಲೆಗಳ ಬಲದಿಂದ ನಂತರದ ಚರಿತ್ರಕಾರರು ಅರಸನದು ಸಹಜ ಮರಣವೆಂದೂ ಕೊಳದ ಕಥೆ ನಿರಾಧಾರವೆಂದೂ ನಿರ್ಣಯಿಸಿದರು.

ಇಲ್ಲಿ ಎರಡು ಭಿನ್ನ ವಾದಗಳು ಒಂದರೊಡನೊಂದು ಬೆರೆತುಹೋಗಿವೆ. ಅರಸನ ಮರಣವನ್ನು ಓಲೆ ಹೇಳುವುದಾದರೆ ಅದು ಸಾಕ್ಷ್ಯ. ಮಕ್ಕಳ ವಿಷಯವನ್ನು ಓಲೆ ಹೇಳುವುದಿಲ್ಲವೆಂಬುದು ಸಾಕ್ಷ್ಯವಲ್ಲ, ಅದು ಮೌನ. ದೇವಾಲಯದ ಕರಣಿಕನು ಅಕ್ಕಿ, ಎಣ್ಣೆ, ಭೂಮಿ, ವ್ಯಾಜ್ಯ, ಅರಸರು ತೆತ್ತ ಪ್ರಾಯಶ್ಚಿತ್ತ ಇವುಗಳನ್ನು ಬರೆದಿರಿಸುವವನು. ರಾಜ್ಯದ ಸಂಚುಗಳನ್ನು ಬರೆಯುವುದು ಅವನ ಹೊಣೆಯಲ್ಲ. ಆದರೂ ಆ ಮೌನಕ್ಕೆ ಬೆಲೆಯೇ ಇಲ್ಲವೆನ್ನಲಾಗದು. ರಾಜಕುಟುಂಬದ ಸಾವು ಸೂತಕವನ್ನು ತರುತ್ತದೆ, ಸೂತಕವು ಪೂಜಾಕ್ರಮವನ್ನು ಮುಟ್ಟುತ್ತದೆ. ಅದೇ ದಶಕಗಳಲ್ಲಿ ಅರಮನೆಯ ಇತರ ಮಕ್ಕಳ ಸಾವುಗಳು ಓಲೆಗಳಲ್ಲಿ ನಮೂದಾಗಿದ್ದು, ಈ ಐವರದು ಮಾತ್ರ ಇಲ್ಲವೆಂದು ತೋರಿಸಿದರೆ ವಾದವು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ‘ನಿರಾಧಾರ’ ಎನ್ನಬಹುದು, ‘ನಡೆದೇ ಇಲ್ಲ’ ಎನ್ನಲಾಗದು. 1686ರಲ್ಲಿ ದೇವಾಲಯವು ಬೆಂಕಿಗೆ ತುತ್ತಾಯಿತೆಂಬುದನ್ನೂ ಮರೆಯಬಾರದು: ಅದಕ್ಕೂ ಹಿಂದಿನ ವರ್ಷವನ್ನು ಹೊತ್ತ ಓಲೆಯು ಸಮಕಾಲೀನವೋ ಪ್ರತಿಯೋ ಎಂಬ ಪರೀಕ್ಷೆ ಮೊದಲು ನಡೆಯಬೇಕು.

ಕಾಲಗಣನೆಯಲ್ಲಿಯೂ ಎಚ್ಚರ ಬೇಕು. ಮಾರ್ತಾಂಡವರ್ಮನು ರಾಜ್ಯವನ್ನು ದೇವರಿಗೆ ಒಪ್ಪಿಸಿದ್ದು ಕೊಲ್ಲವರ್ಷ 925ರ ಮಕರಮಾಸದಲ್ಲಿ, ಅಂದರೆ 1750ರ ಜನವರಿಯಲ್ಲಿ. ಇಲ್ಲಿ 825ನ್ನು ಕೂಡಿಸಬೇಕು. ಅದೇ ಕೊಲ್ಲವರ್ಷದ ಚಿಂಗಮಾಸಕ್ಕೆ 824 ಸಾಕು. ಉತ್ತರ ಮಲಬಾರಿನಲ್ಲಾದರೋ ಹೊಸ ವರ್ಷವು ಕನ್ನಿಮಾಸದಿಂದ ಮೊದಲಾಗುತ್ತಿತ್ತು. ಕಾಸರಗೋಡಿನ ಕಡೆಯ ಓಲೆಗಳನ್ನು ತಿರುವನಂತಪುರದವುಗಳೊಡನೆ ಹೋಲಿಸುವವರು ಇಲ್ಲಿ ಒಂದು ವರ್ಷ ತಪ್ಪುವುದು ಸುಲಭ. ತಿಗಳಾರಿ ಲಿಪಿ ಬಲ್ಲವರಿಗೆ ಗ್ರಂಥಾಕ್ಷರ ಪರಿಚಿತವೆನಿಸೀತು. ವಟ್ಟೆಳುತ್ತು ಹಾಗಲ್ಲ, ಅದನ್ನು ಬೇರೆಯಾಗಿಯೇ ಕಲಿಯಬೇಕು.

ಕನ್ನಡದಲ್ಲಿ ನಮ್ಮ ರೂಢಿ ಇದಕ್ಕೆ ವಿಪರೀತ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳಂಥ ಬರಹಗಳು ಬಹುಮಟ್ಟಿಗೆ 19ನೆಯ ಶತಮಾನದ ಆರಂಭದಲ್ಲಿ ಮೆಕೆಂಜಿಯ ಕಾರ್ಯಕರ್ತರು ಕಲೆಹಾಕಿದವು. ವಿಜಯನಗರದ ಘಟನೆಗಳಿಗೆ ಅವನ್ನೇ ಪ್ರಾಥಮಿಕ ಆಕರವಾಗಿ ಉದ್ಧರಿಸುವ ಲೇಖನಗಳು ಇಂದಿಗೂ ಬರುತ್ತಿವೆ. ಅವು ಪ್ರಾಥಮಿಕವೇ ಸರಿ, ಆದರೆ ಹೇಳಿಸಿದವರ ಕಾಲದ ನೆನಪಿಗೆ. ತಿರುವಾಂಕೂರಿನವರು ಓಲೆಯ ಮೌನವನ್ನು ಅತಿಯಾಗಿ ನಂಬಿದರೆ, ನಾವು ಕೈಫಿಯತ್ತಿನ ಮಾತನ್ನು ಅತಿಯಾಗಿ ನಂಬಿದ್ದೇವೆ.